ತೂಕ ಇಳಿಸಿದ ಮೇಲೆ ಕಸುವು ಕಟ್ಟುವ ಬಗೆ

ಮೂವತ್ತು ನಲವತ್ತು ಕಿಲೋ ಇಳಿಸಿದವರು ಕಲಬುರಗಿಯ ಸೂಪರ್ ಮಾರ್ಕೆಟ್‌ ಕಡೆ ಒಂದು ಸುತ್ತು ಹೋಗಿ ಬಂದರೆ ಸಾಕು, "ಯಾಕ್ರಿ ಇಷ್ಟ್ ಸೊರಗೀರಿ, ಶುಗರ್ ಅದೇನು?" ಅಂತ ನಾಲ್ಕು ಜನ ಕೇಳುತ್ತಾರೆ. ಕೇಳುವವರದು ಪೂರಾ ತಪ್ಪೂ ಅಲ್ಲ. ಭಾರ ಎತ್ತುವ ವ್ಯಾಯಾಮವಿಲ್ಲದೆ ಬರೀ ಊಟ ಕಡಿಮೆ ಮಾಡಿ ಇಳಿಸಿದಾಗ, ಹೋದ ತೂಕದಲ್ಲಿ ಹೆಚ್ಚೂಕಡಿಮೆ ಕಾಲು ಭಾಗ ಕೊಬ್ಬಲ್ಲ; ಸ್ನಾಯು ಮತ್ತು ಅದರೊಳಗಿನ ನೀರು. ನಲವತ್ತು ಕಿಲೋ ಇಳಿದಿದ್ದರೆ ಎಂಟು ಹತ್ತು ಕಿಲೋ ಹೀಗೆ ಹೋಗಿರಬಹುದು. ತೊಡೆ, ಭುಜ ಸಣ್ಣಗಾಗಿ ಹೊಟ್ಟೆಯ ಚರ್ಮ ಮಾತ್ರ ಜೋತು ಬೀಳುವುದು, ಎರಡು ಮಹಡಿ ಹತ್ತಿದರೆ ಮೊದಲಿಗಿಂತ ಹಗುರಾಗಿದ್ದರೂ ಕಾಲು ಸೋಲುವುದು ಇದರಿಂದಲೇ.

ಹೋದ ಸ್ನಾಯು ಮರಳಿ ಬರುತ್ತದೆ. ತೊಡಕಿರುವುದು ತೂಕದ ಕಾಟಾದಲ್ಲಿ. ವರ್ಷಗಟ್ಟಲೆ ಮುಳ್ಳು ಕೆಳಗಿಳಿದದ್ದನ್ನೇ ಗೆಲುವು ಅಂದುಕೊಂಡವರು, ಅರ್ಧ ಕಿಲೋ ಏರಿದ್ದು ಕಂಡರೆ ರಾತ್ರಿ ಊಟ ಬಿಡುತ್ತಾರೆ. ಊಟ ಬಿಟ್ಟರೆ ಸ್ನಾಯು ಕಟ್ಟಲು ಸಾಮಾನೇ ಇರುವುದಿಲ್ಲ. ಹಾಗಾಗಿ ಇನ್ನು ಮುಂದೆ ಕಾಟಾದ ಮಾತಿಗಿಂತ ಸೊಂಟದ ಟೇಪು ಮತ್ತು ಎತ್ತುವ ಭಾರ ಬರೆದಿಡುವ ನೋಟ್‌ಬುಕ್ಕಿನ ಮಾತಿಗೆ ಹೆಚ್ಚು ಬೆಲೆ ಕೊಡಬೇಕು.

ಮೊದಲು ಗುಳಿಗೆ, ರಕ್ತ, ಸೊಂಟ

ಬಿಪಿ ಮತ್ತು ಶುಗರ್ ಗುಳಿಗೆಗಳ ಪ್ರಮಾಣ ಹಳೆಯ ತೂಕದ ಕಾಲದ್ದೇ ಇದ್ದರೆ ಅದು ಈಗ ಜಾಸ್ತಿಯಾಗುವ ಸಾಧ್ಯತೆ ಇದೆ. ಕೂತಲ್ಲಿಂದ ಎದ್ದ ಕೂಡಲೇ ಕಣ್ಣು ಕತ್ತಲೆ ಬಂದರೆ ಬಿಪಿ ಗುಳಿಗೆಯ ಮೇಲೆ ಅನುಮಾನ ಇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆ ಕೈ ನಡುಗಿ, ತಣ್ಣನೆ ಬೆವರು ಬಂದರೆ ಸಕ್ಕರೆ ಇಳಿದಿದೆ ಎಂದೇ ಲೆಕ್ಕ. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು ಅವತ್ತಿನ ವ್ಯಾಯಾಮ ಅಲ್ಲಿಗೇ ನಿಲ್ಲಿಸಬೇಕು. ಗುಳಿಗೆಯನ್ನು ನಾವೇ ಅರ್ಧ ಮಾಡಿಕೊಳ್ಳುವುದಲ್ಲ, ಡಾಕ್ಟರಿಗೆ ಈಗಿನ ತೂಕ ಹೇಳಿ ಬದಲಿಸಿಕೊಳ್ಳುವುದು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ವಿಟಮಿನ್ ಡಿ, ಥೈರಾಯ್ಡ್, ಕ್ರಿಯೇಟಿನಿನ್ (ಕಿಡ್ನಿಯ ಕೆಲಸದ ಅಳತೆ) ನೋಡಿಸಿ. ಮೆಟ್‌ಫಾರ್ಮಿನ್ ಬಹಳ ದಿನ ತಿಂದವರಲ್ಲಿ ಬಿ12 ಇಳಿಯುವುದು ಸಾಮಾನ್ಯ, ಮನೆಯೂ ಶಾಕಾಹಾರಿಯಾಗಿದ್ದರೆ ಇನ್ನೂ ಹೆಚ್ಚು. ರಕ್ತ ಕಡಿಮೆ ಇದ್ದವರು ಎಷ್ಟು ಬೇಳೆ ತಿಂದರೂ ಜಿಮ್ಮಿನಲ್ಲಿ ಮುಂದೆ ಹೋಗುವುದಿಲ್ಲ. ಕಿಡ್ನಿ ತೊಂದರೆ ಇದ್ದವರಿಗೆ ಕೆಳಗಿನ ಪ್ರೋಟೀನ್ ಲೆಕ್ಕ ಅನ್ವಯಿಸದು. ಅದನ್ನು ಅವರ ಡಾಕ್ಟರೇ ಹೇಳಬೇಕು. ಹೊಟ್ಟೆಯ ಬೈಪಾಸ್ ಆಪರೇಷನ್ ಆದವರು ಮೈಕೈ ನೋವಿಗೆ ಅಂತ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗಬಾರದು, ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ.

ಮೊದಲ ನಾಲ್ಕು ವಾರ ತೂಕ ಏರಿಸುವುದೂ ಬೇಡ, ಇಳಿಸುವುದೂ ಬೇಡ. ಬೆಳಿಗ್ಗೆ ಸಂಡಾಸಿಗೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮುಂಚೆ ತೂಕ ನೋಡಿ, ವಾರದ ಏಳು ಅಂಕಿಗಳ ಸರಾಸರಿ ತೆಗೆಯಿರಿ. ತೂಕ ಇಳಿಯದೆ ನಿಲ್ಲುವಷ್ಟಕ್ಕೆ ಊಟ ಹೆಚ್ಚಿಸಿದ ಮೊದಲ ವಾರದಲ್ಲೇ ಒಂದರಿಂದ ಎರಡು ಕಿಲೋ ಏರುವುದುಂಟು. ಅದು ಕೊಬ್ಬಲ್ಲ. ಖಾಲಿಯಾಗಿದ್ದ ಸ್ನಾಯುವಿನಲ್ಲಿ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ತುಂಬುವಾಗ ಜೊತೆಗೆ ನೀರೂ ಬಂದು ಸೇರುತ್ತದೆ. ಹೆಚ್ಚಿನವರು ಕೈಬಿಡುವುದು ಇದೇ ವಾರದಲ್ಲಿ.

ನಾಲ್ಕು ವಾರದ ಮೇಲೆ ಟೇಪು ಹಿಡಿಯಿರಿ. ಸೊಂಟ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ಊಟ ಹೆಚ್ಚಿಸಬೇಡಿ. ಈಗಿರುವ ತೂಕದಲ್ಲೇ ನಿಂತು ಪ್ರೋಟೀನ್ ಮತ್ತು ಭಾರ ಏರಿಸಿದರೆ ಒಂದು ಕಡೆ ಕೊಬ್ಬು ಇಳಿದು ಇನ್ನೊಂದು ಕಡೆ ಸ್ನಾಯು ಏರುತ್ತದೆ. ಜೋತ ಚರ್ಮವನ್ನು ಟೇಪಿನೊಳಗೆ ಮಡಚಿ ಅಳೆದರೆ ಅಂಕಿ ಸುಳ್ಳು ಹೇಳುತ್ತದೆ. ಅಂಗಾತ ಮಲಗಿ, ಚರ್ಮ ಎರಡೂ ಪಕ್ಕಕ್ಕೆ ಸರಿದ ಮೇಲೆ ಹೊಕ್ಕುಳ ಮಟ್ಟದಲ್ಲಿ ಇನ್ನೊಂದು ಅಳತೆ ತೆಗೆದು ಎರಡನ್ನೂ ಬರೆದಿಡಿ. ಸೊಂಟ ಈ ಮಿತಿಯೊಳಗೆ ಇದ್ದವರು ದಿನಕ್ಕೆ 200 ಕ್ಯಾಲರಿ ಹೆಚ್ಚಿಸಬಹುದು. ಅಂದರೆ ಎಷ್ಟು? 60 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿ. ಅಷ್ಟೇ.

ಪ್ರೋಟೀನ್ ಎಲ್ಲಿ ಸೋರುತ್ತದೆ

ತೂಕದ ಪ್ರತಿ ಕಿಲೋಗೆ ದಿನಕ್ಕೆ 1.6 ಗ್ರಾಂ ಪ್ರೋಟೀನ್ ಗುರಿ. ಈಗ 76 ಕಿಲೋ ಇದ್ದರೆ 120 ಗ್ರಾಂ. ಇನ್ನೂ ಇಳಿಸಬೇಕಾದವರು ಈಗಿನ ತೂಕ ಬಿಟ್ಟು ತಲುಪಬೇಕಾದ ತೂಕದ ಮೇಲೆ ಲೆಕ್ಕ ಹಾಕಿಕೊಳ್ಳಲಿ.

ನಮ್ಮದು ತೊಗರಿಯ ನಾಡು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ) ಗುರುತೂ ಬಂತು. ಆದರೆ ಅಡುಗೆಮನೆಯಲ್ಲಿ ಆಗುವುದು ಬೇರೆ. ಐದು ಜನರ ಮನೆಯಲ್ಲಿ ಒಂದು ಹೊತ್ತಿನ ಸಾರಿಗೆ 200 ಗ್ರಾಂ ಬೇಳೆ ಹಾಕಿದರೆ ತಲೆಗೆ 40 ಗ್ರಾಂ, ಪ್ರೋಟೀನ್ 9 ಗ್ರಾಂ. ಅದೂ ಎಲ್ಲರಿಗೂ ತಳದಿಂದ ಸಮ ಬಡಿಸಿದರೆ. ಮೇಲಿನ ತಿಳಿ ಬಡಿಸಿಕೊಂಡು ಎರಡು ಬಟ್ಟಲು ಕುಡಿದವರಿಗೆ ಮೂರು ನಾಲ್ಕು ಗ್ರಾಂ ಸಿಕ್ಕರೆ ಪುಣ್ಯ. ಪುಂಡಿಪಲ್ಯದ್ದೂ ಇದೇ ಕಥೆ: ಸೊಪ್ಪು ರಾಶಿ, ಬೇಳೆ ಒಂದು ಹಿಡಿ. ಉಪಾಯ ಸರಳ. ನಿಮ್ಮ ಪಾಲಿನ ಬೇಳೆ 60 ಗ್ರಾಂ ಹಸಿಯಲ್ಲೇ ತೂಗಿ, ಸಣ್ಣ ಡಬ್ಬಿಯಲ್ಲಿ ಅದೇ ಕುಕ್ಕರಿನೊಳಗೆ ಬೇರೆ ಇಟ್ಟು ಬೇಯಿಸಿ, ಒಗ್ಗರಣೆ ಹಾಕಿ ಗಟ್ಟಿ ಬ್ಯಾಳಿ ಮಾಡಿಕೊಳ್ಳಿ. 13 ಗ್ರಾಂ ಖಾತ್ರಿ.

ರೊಟ್ಟಿಯನ್ನು ಬರೀ ಅಕ್ಕಿಗೋಧಿಯ ಸಾಲಿಗೆ ಸೇರಿಸಿ ಪ್ರೋಟೀನ್ ಲೆಕ್ಕದಿಂದ ಬಿಟ್ಟುಬಿಡುವವರಿದ್ದಾರೆ, ಬಿಡಬಾರದು. 60 ಗ್ರಾಂ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಪ್ರೋಟೀನಿನ ಒಂದು ಅಂಗವಾದ ಲೈಸಿನ್ ಜೋಳದಲ್ಲಿ ಕಡಿಮೆ, ಬೇಳೆಯಲ್ಲಿ ಹೆಚ್ಚು. ಎರಡೂ ಕೂಡಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಕಡಕ್ ರೊಟ್ಟಿ ತೆಳ್ಳಗಿರುವುದರಿಂದ ಹಿಟ್ಟು ಅರ್ಧದಷ್ಟೇ ಇರಬಹುದು. ಒಂದು ಸಲ ಹಿಟ್ಟಿನ ಉಂಡೆ ತೂಗಿ ನೋಡಿದರೆ ಮುಂದೆ ಕಣ್ಣಳತೆ ಸಾಕು. ನಾದಿದ ಉಂಡೆಯಲ್ಲಿ ನೀರಿನ ತೂಕವೂ ಇರುತ್ತದೆ ಎಂಬುದು ನೆನಪಿರಲಿ.

120 ಗ್ರಾಂ, ಚೂರು ಮಿಕ್ಕಿಯೇ, ಹೀಗೆ ಕೂಡುತ್ತದೆ. ಬೆಳಿಗ್ಗೆ ಎಮ್ಮೆ ಹಾಲು ಕಾಲು ಲೀಟರ್ ಮತ್ತು ಒಂದು ಹಿಡಿ ಪುಟಾಣಿ, 15 ಗ್ರಾಂ. ನಾಷ್ಟಾಕ್ಕೆ ಸೂಸಲಾ (ಮಂಡಕ್ಕಿ ಒಗ್ಗರಣೆ) ಒಂದೇ ತಿಂದರೆ ಹೊಟ್ಟೆ ತುಂಬುತ್ತದೆ, ಲೆಕ್ಕ ತುಂಬುವುದಿಲ್ಲ. ಅದನ್ನು ಕಡಿಮೆ ಮಾಡಿ 50 ಗ್ರಾಂ ಹೆಸರು ಅಥವಾ ಮಡಕಿ ಕಾಳಿನ ಉಸಳಿ, ಮೂರು ತತ್ತಿ ಇಟ್ಟುಕೊಂಡರೆ 30. ಮಧ್ಯಾಹ್ನ ಮೂರು ರೊಟ್ಟಿ, ಮೇಲೆ ಹೇಳಿದ ಗಟ್ಟಿ ಬ್ಯಾಳಿ, 200 ಗ್ರಾಂ ಮೊಸರು: 37 ಆಸುಪಾಸು. ಸಂಜೆ 30 ಗ್ರಾಂ ಸೋಯಾ ಚಂಕ್ಸ್ ನೆನೆಸಿ ಹಿಂಡಿ ಹುರಿದದ್ದು, 15. ರಾತ್ರಿ ಎರಡು ರೊಟ್ಟಿ ಜೊತೆ 100 ಗ್ರಾಂ ಪನೀರ್ ಅಥವಾ ಅಷ್ಟೇ ಕೋಳಿ, 30ರ ಮೇಲೆ. ತತ್ತಿ ತಿನ್ನದ ಮನೆಗಳಲ್ಲಿ ಬೆಳಗಿನ ಮೂರು ತತ್ತಿಯ 18 ಗ್ರಾಂ ಅನ್ನು ಪನೀರ್ ಅಥವಾ ಒಂದು ಸ್ಕೂಪ್ ವೇ ಪೌಡರಿನಿಂದ (ಹಾಲಿನ ಪ್ರೋಟೀನ್ ಪುಡಿ) ತುಂಬಬಹುದು. ಇಷ್ಟು ಕಾಳು ಒಮ್ಮೆಲೇ ಶುರು ಮಾಡಿದರೆ ಹೊಟ್ಟೆ ಉಬ್ಬರ ಗ್ಯಾರಂಟಿ. ವಾರಕ್ಕೆ 20 ಗ್ರಾಂ ಪ್ರೋಟೀನ್ ಮಾತ್ರ ಏರಿಸುತ್ತ ಹೋಗಿ, ಕಾಳು ಮೊಳಕೆ ಬರಿಸಿ, ನೀರು ಜಾಸ್ತಿ ಕುಡಿಯಿರಿ.

ಶೇಂಗಾ ಹಿಂಡಿಯ (ಚಟ್ನಿಪುಡಿಯ) ಬಗ್ಗೆ ಒಂದು ಮಾತು. ಎರಡು ದೊಡ್ಡ ಚಮಚದಲ್ಲಿ 7 ಗ್ರಾಂ ಪ್ರೋಟೀನ್ ಇದ್ದರೂ 170 ಕ್ಯಾಲರಿ ಮಿಕ್ಕಿ ಇರುತ್ತದೆ, ಮೇಲೆ ಎಣ್ಣೆ ಹಾಕಿಕೊಂಡರೆ ಇನ್ನೂ ನೂರು. ಊಟ ಹೆಚ್ಚಿಸಬೇಕಾದವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಸೊಂಟ ಇನ್ನೂ ದೊಡ್ಡದಿರುವವರಿಗೆ ಇದೇ ಕಣ್ಣಿಗೆ ಕಾಣದ ತೂತು.

ಭಾರ ಎತ್ತುವುದು

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು, ಪ್ರತಿ ಸಲವೂ ಇಡೀ ಮೈಗೆ. ಹಲವು ಜಿಮ್ಮುಗಳಲ್ಲಿ ಸೇರಿದ ದಿನವೇ ಸೋಮವಾರ ಎದೆ, ಮಂಗಳವಾರ ಬೆನ್ನು ಅಂತ ಆರು ದಿನದ ಚೀಟಿ ಕೊಡುತ್ತಾರೆ. ಹೊಸಬರಿಗೆ ಅದು ಸಲ್ಲದು: ಒಂದೊಂದು ಸ್ನಾಯುವಿಗೆ ವಾರಕ್ಕೆ ಒಂದೇ ಸರದಿ ಬರುತ್ತದೆ, ಒಂದು ದಿನ ತಪ್ಪಿದರೆ ಅದೂ ಇಲ್ಲ.

ಪ್ರತಿ ಸಲ ಐದು ಚಲನೆ ಸಾಕು. ಕೂತು ಏಳುವುದಕ್ಕೆ ಎದೆಗೆ ಡಂಬೆಲ್ ಹಿಡಿದ ಸ್ಕ್ವಾಟ್ ಅಥವಾ ಲೆಗ್ ಪ್ರೆಸ್; ಸೊಂಟದಿಂದ ಬಗ್ಗಿ ಎತ್ತುವುದಕ್ಕೆ ರೋಮೇನಿಯನ್ ಡೆಡ್‌ಲಿಫ್ಟ್; ಮುಂದಕ್ಕೆ ತಳ್ಳುವುದಕ್ಕೆ ಡಂಬೆಲ್ ಬೆಂಚ್ ಪ್ರೆಸ್; ಎಳೆಯುವುದಕ್ಕೆ ಲ್ಯಾಟ್ ಪುಲ್‌ಡೌನ್ ಅಥವಾ ರೋ; ಕಡೆಗೆ ಎರಡೂ ಕೈಯಲ್ಲಿ ಭಾರ ಹಿಡಿದು 30 ಮೀಟರ್ ನಡೆಯುವುದು. ಮೊದಲ ನಾಲ್ಕಕ್ಕೂ ಬಿಡದೆ 8ರಿಂದ 12 ಸಲ ಎತ್ತಿದರೆ ಒಂದು ಸೆಟ್; ಅಂಥ ಮೂರು ಸೆಟ್, ನಡುವೆ ಎರಡು ನಿಮಿಷ ವಿಶ್ರಾಂತಿ. ಇಳಿಸುವಾಗ ಎರಡು ಮೂರು ಸೆಕೆಂಡು ತೆಗೆದುಕೊಳ್ಳಿ. ಸೆಟ್ ಮುಗಿದಾಗ ಇನ್ನೆರಡು ಸಲ ಎತ್ತಬಹುದಿತ್ತು ಅನಿಸಬೇಕು. ಇನ್ನು ಆರು ಆಗುತ್ತಿತ್ತು ಅನಿಸಿದರೆ ಭಾರ ಕಡಿಮೆಯಾಯಿತು.

ಮೊದಲ ಎರಡು ವಾರ ಮಾತ್ರ ಎರಡೇ ಸೆಟ್, ಅದೂ ಹಗುರಾಗಿ. ಮೊದಲ ದಿನವೇ ಹುರುಪಿನಲ್ಲಿ ಮಾಡಿ ಮರುದಿನ ಸ್ನಾಯು ಊದಿ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಸಾದಾ ಮೈಕೈ ನೋವಲ್ಲ. ಸ್ನಾಯು ಒಡೆದು ಕಿಡ್ನಿಗೆ ಹೊರೆಯಾಗಿದೆ. ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ನೋಟ್‌ಬುಕ್ಕಿನಲ್ಲಿ ಹೀಗೆ ಬರೆಯಿರಿ: "ಬೆಂಚ್, 10 ಕಿಲೋ: 10, 9, 8". ಮುಂದಿನ ಸಲದ ಕೆಲಸ ಇದಕ್ಕಿಂತ ಒಂದಾದರೂ ಹೆಚ್ಚು. "12, 12, 12" ಆದ ದಿನ, ಮುಂದಿನ ಸಲಕ್ಕೆ 12.5 ಕಿಲೋ. ಆಗ "9, 8, 8" ಕ್ಕೆ ಬಿದ್ದರೆ ಗಾಬರಿ ಬೇಡ, ಹಾಗೇ ಬೀಳಬೇಕು. ಲೆಗ್ ಪ್ರೆಸ್ಸಿನಂಥ ಕಾಲಿನ ವ್ಯಾಯಾಮಕ್ಕೆ ಒಮ್ಮೆಗೆ 5 ಕಿಲೋ ಏರಿಸಬಹುದು.

ತಾಲೀಮಿನ ದಂಡ ಬೈಠಕ್ ಒಳ್ಳೆಯದೇ, ಆದರೆ ಅದಕ್ಕೊಂದು ಮಿತಿ ಇದೆ. ಬೈಠಕ್ 20 ದಾಟಿ 60, 100 ಆದಾಗ ಏರುವುದು ದಮ್ಮು. ತೊಡೆಯ ಮೇಲಿನ ಭಾರ ಇದ್ದಲ್ಲೇ ಇರುತ್ತದೆ. ನೂರು ಕಿಲೋ ಮೀರಿದ ಮೈ ಹೊತ್ತು ಓಡಾಡಿದ ಕಾಲಿಗೆ ಈಗಿನ ಹಗುರ ಮೈ ಒಂದು ಲೆಕ್ಕವೇ ಅಲ್ಲ. ಮನೆಯಲ್ಲೇ ಮಾಡುವವರು ಶಾಲೆಯ ಬ್ಯಾಗಿನಲ್ಲಿ ಐದು ಕಿಲೋ ಹಿಟ್ಟಿನ ಪಾಕೀಟು ಒಂದೊಂದಾಗಿ ಏರಿಸುತ್ತ ಹೊತ್ತುಕೊಂಡು ಬೈಠಕ್ ಮಾಡಲಿ. ತುಂಬಿದ 20 ಲೀಟರ್ ನೀರಿನ ಕ್ಯಾನು 20 ಕಿಲೋ ಮೇಲೆ ಚೂರು ತೂಗುತ್ತದೆ. ಡೆಡ್‌ಲಿಫ್ಟಿಗೂ ಹೊತ್ತು ನಡೆಯುವುದಕ್ಕೂ ಅದೇ ಸಾಕು.

ತೂಕ ಇಳಿಸುವಾಗ ರೂಢಿಯಾಗಿದ್ದ ದಿನಕ್ಕೆ ಒಂದೂವರೆ ತಾಸಿನ ನಡಿಗೆಯನ್ನು ಹಾಗೇ ಇಟ್ಟುಕೊಂಡರೆ, ತಿಂದ ಹೆಚ್ಚುವರಿ ರೊಟ್ಟಿ ಅಲ್ಲೇ ಖರ್ಚು. ಕಲಬುರಗಿಯ ಅಪ್ಪನ ಕೆರೆ ಸುತ್ತುವುದನ್ನು ಅರ್ಧ ತಾಸಿಗೆ ಇಳಿಸಿ, ಬಿಡಬೇಡಿ.

ಚರ್ಮ, ಎಲುಬು, ಬಿಸಿಲು

ಸ್ನಾಯು ಬೆಳೆದರೆ ತೋಳು, ತೊಡೆಯ ಜೋತ ಚರ್ಮ ಸ್ವಲ್ಪ ತುಂಬಿಕೊಳ್ಳುತ್ತದೆ, ಹೊಟ್ಟೆಯದು ತುಂಬುವುದಿಲ್ಲ. ಯಾವ ಎಣ್ಣೆ, ಕ್ರೀಮಿಗೂ ಅದು ಬಗ್ಗದು. ಆಪರೇಷನ್ ಯೋಚನೆ ಇದ್ದರೆ ತೂಕ ಕನಿಷ್ಠ ಆರು ತಿಂಗಳು ಒಂದೇ ಮಟ್ಟದಲ್ಲಿ ನಿಂತ ಮೇಲೆ. ಅಲ್ಲಿಯವರೆಗೆ ಬಗ್ಗಿ ಎತ್ತುವಾಗ ಹೊಟ್ಟೆಗೆ ಅಗಲದ ಬೈಂಡರ್ ಅಥವಾ ಬಿಗಿ ಬನಿಯನ್ ಹಾಕಿ. ಮಡಿಕೆಗಳಲ್ಲಿ ಬೆವರು ನಿಂತು ತುರಿಕೆ ಬಂದರೆ ತೊಳೆದು, ಒಣಗಿಸಿ, ಹತ್ತಿ ಬಟ್ಟೆಯ ಪಟ್ಟಿ ಇಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೆರಾಯ್ಡ್ ಬೆರೆಸಿದ ಮುಲಾಮು ಎರಡು ದಿನ ತಂಪು ಅನಿಸಿ ಆಮೇಲೆ ಹುಳುಕಡ್ಡಿಯನ್ನು ಇಡೀ ತೊಡೆಗೆ ಹಬ್ಬಿಸುತ್ತದೆ.

ಮೊಣಕಾಲು ಹಳೆಯ ಭಾರ ಮರೆತಿರುವುದಿಲ್ಲ. ಆಳಕ್ಕೆ ಕೂರಲು ನೋವಾದರೆ ಹಿಂದೆ ಸ್ಟೂಲ್ ಇಟ್ಟು ಅದನ್ನು ಮುಟ್ಟಿ ಏಳಿ. ಎರಡು ವಾರಕ್ಕೊಮ್ಮೆ ಸ್ಟೂಲ್ ಒಂದು ಬೆರಳಷ್ಟು ತಗ್ಗಿಸಿ. ಕೂರುವ ಎಲುಬಿನ ಮೇಲೆ ಈಗ ಮೆತ್ತೆ ಇಲ್ಲದ್ದರಿಂದ ಬೆಂಚು ಒತ್ತುತ್ತದೆ, ಟವೆಲ್ ಮಡಚಿ ಹಾಕಿಕೊಳ್ಳಿ. ತೂಕ ಇಳಿಸಿದವರಿಗೆ ಚಳಿ ಜಾಸ್ತಿ. ಬೀದರಿನ ಜನವರಿಯಲ್ಲಿ ಇದು ಗೊತ್ತಾಗುತ್ತದೆ, ಯಾದಗಿರಿಯ ಮೇ ತಿಂಗಳಲ್ಲಿ ಯಾರೂ ದೂರುವುದಿಲ್ಲ.

ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟಿದಾಗ ತಗಡಿನ ಶೀಟಿನ ಜಿಮ್ಮಿನಲ್ಲಿ ಸಂಜೆ ಐದಕ್ಕೆ ಎತ್ತುವುದು ಹುಂಬತನ. ಬೆಳಿಗ್ಗೆ ಏಳರೊಳಗೆ ಮುಗಿಸಿ. ಆ ಎರಡು ತಿಂಗಳು ಸೆಟ್ ಮೂರರಿಂದ ಎರಡಕ್ಕೆ ಇಳಿಸಿ, ಭಾರ ಇಳಿಸಬೇಡಿ. ಇದ್ದದ್ದನ್ನು ಉಳಿಸಿಕೊಳ್ಳಲು ಅಷ್ಟು ಸಾಕು. ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು, ಬಿಪಿ ಇದ್ದವರಿಗೆ ಉಪ್ಪು ಅಳತೆಯಲ್ಲಿ. ರಂಜಾನಿನಲ್ಲೂ ಇದೇ ಲೆಕ್ಕ: ವಾರಕ್ಕೆ ಎರಡು ದಿನ, ಇಫ್ತಾರ್ ಆಗಿ ಒಂದೂವರೆ ತಾಸಿನ ಮೇಲೆ. ಸೆಹರಿಯಲ್ಲಿ ಬರೀ ಚಹಾ, ಬನ್ನು ಬೇಡ. ಮೊಸರು, ತತ್ತಿ ಇರಲಿ. ಗೋಧಿ, ಬೇಳೆ, ಮಾಂಸ ಕೂಡಿದ ಹಲೀಮ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಡಬ್ಬಿ ಮತ್ತು ಸೂಜಿ

ಸ್ನಾಯುವಿನ ಕಸುವಿಗೆ ತೆಗೆದುಕೊಳ್ಳುವ ಪುಡಿ ಕ್ರಿಯೇಟಿನ್ ಮೋನೋಹೈಡ್ರೇಟ್ ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಿಗಾದರೂ ಸರಿ. ಅದರಿಂದಲೂ ಒಂದು ಕಿಲೋ ನೀರಿನ ತೂಕ ಏರಬಹುದು, ರಕ್ತದ ಕ್ರಿಯೇಟಿನಿನ್ ಅಂಕಿ ಸ್ವಲ್ಪ ಮೇಲೆ ಕಾಣಬಹುದು. ಪರೀಕ್ಷೆ ಬರೆಯುವ ಡಾಕ್ಟರಿಗೆ ಮೊದಲೇ ಹೇಳಿ. ವೇ ಪೌಡರ್ ಬಿಲ್ ಇಲ್ಲದೆ ಕೊಳ್ಳಬೇಡಿ. "ಮಾಸ್ ಗೇನರ್" ಡಬ್ಬಿಯಲ್ಲಿ ಹೆಚ್ಚಿನದು ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಸಕ್ಕರೆಯ ಅಣ್ಣತಮ್ಮ; ಶುಗರ್ ಇದ್ದವರು ಮುಟ್ಟಲೇಬಾರದು. ಪೊಟ್ಟಣದಲ್ಲಿ ಕಟ್ಟಿಕೊಡುವ "ಮೈ ತುಂಬುವ" ಗುಳಿಗೆಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಇರಬಹುದು. ಅದು ಮುಖ ಊದಿಸುತ್ತದೆ, ಶುಗರ್ ಏರಿಸುತ್ತದೆ, ಇರುವ ಸ್ನಾಯುವನ್ನೇ ಕರಗಿಸುತ್ತದೆ. ಜಿಮ್ಮಿನ ಮೂಲೆಯಲ್ಲಿ ಸಿಗುವ ಇಂಜೆಕ್ಷನ್ನಿಗೂ ದೂರದಿಂದಲೇ ಶರಣು.

ಹನ್ನೆರಡು ವಾರಕ್ಕೆ ಲೆಕ್ಕ ನೋಡಿ. ಊಟ ಹೆಚ್ಚಿಸಿದವರಿಗೆ ತಿಂಗಳಿಗೆ ಅರ್ಧದಿಂದ ಮುಕ್ಕಾಲು ಕಿಲೋ ಏರಿ, ಸೊಂಟ ಅಲ್ಲೇ ಇದ್ದು, ಭಾರ ಏರಿದ್ದರೆ ಏನೂ ಬದಲಿಸಬೇಡಿ. ತೂಕವೂ ಸೊಂಟವೂ ಏರಿ ಭಾರ ನಿಂತಿದ್ದರೆ ಆ ಒಂದು ರೊಟ್ಟಿ ತೆಗೆದು, ಸೆಟ್‌ಗಳನ್ನು ನಿಜವಾಗಿ ಕಷ್ಟ ಆಗುವವರೆಗೆ ಮಾಡುತ್ತಿದ್ದೀರಾ ನೋಡಿ. ಮೂರೂ ನಿಂತಿದ್ದರೆ ಮೊದಲು ನಿದ್ದೆ ಏಳು ತಾಸು ಆಗುತ್ತಿದೆಯೇ ಕೇಳಿಕೊಳ್ಳಿ, ಆಮೇಲೆ ಮೂರು ದಿನ ತಿಂದದ್ದನ್ನೆಲ್ಲ ತೂಗಿ ಬರೆಯಿರಿ. ಪ್ರೋಟೀನ್ 120 ಅಂದುಕೊಂಡದ್ದು ಅಲ್ಲಿ 70 ಆಗಿ ಸಿಕ್ಕಿಬೀಳುವುದು ಅಪರೂಪವಲ್ಲ, ಅದೂ ಸಾಮಾನ್ಯವಾಗಿ ಸಾರಿನ ಬಟ್ಟಲಲ್ಲೇ.