ಚರ್ಮದಡಿಯ 15 ಅಂಕಿಗಳು: ನಾಯಿಗಳಿಗೆ ಮೈಕ್ರೋಚಿಪ್ ಹಾಕಿದ ನನ್ನ ಅನುಭವ

ಧಾರವಾಡದ ನನ್ನ ಚಿಕ್ಕ ಪಶುಚಿಕಿತ್ಸಾಲಯದಲ್ಲಿ ನಾನು ಮೊದಲು ಗುರುತಿನ ಸಂಖ್ಯೆಯ ಮೈಕ್ರೋಚಿಪ್ ಹಾಕಿದ್ದು ಒಂದು ಮುಧೋಳ ನಾಯಿಗೆ. ಹಾಕಿದೆ ಎನ್ನುವುದೂ ತಪ್ಪಾದೀತು, ಏಕೆಂದರೆ ಆ ದಿನ ಚಿಪ್ ನಾಯಿಯ ಮೈಯೊಳಗೆ ನಿಲ್ಲಲೇ ಇಲ್ಲ. ಮಾಲೀಕರಿಗೆ ತಳಿ ನಾಯಿಗಳನ್ನು ದಾಖಲಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿಗಾಗಿ ಚಿಪ್ ಸಂಖ್ಯೆ ಬೇಕಾಗಿತ್ತು. (ಅಲ್ಲಿ ಈ ತಳಿಗೆ ಕ್ಯಾರವಾನ್ ಹೌಂಡ್ ಎಂದು ಹೆಸರು, ನಮ್ಮ ಕಡೆ ಹಾಗೆ ಕರೆದವರನ್ನು ನಾನು ಕಂಡಿಲ್ಲ.) ಹೆಗಲ ಎಲುಬುಗಳ ನಡುವಿನ ಚರ್ಮವನ್ನು ಎರಡು ಬೆರಳಿನಿಂದ ಎತ್ತಿ, 12 ಗೇಜಿನ ದಪ್ಪ ಸೂಜಿಯನ್ನು ಲಸಿಕೆ ಚುಚ್ಚುವ ರೂಢಿಯಲ್ಲೇ ಚುಚ್ಚಿ ಒತ್ತಿದೆ. ಚಿಪ್ ಓದುವ ಕೈಯಂತ್ರವಾದ ರೀಡರ್ ಆಡಿಸಿದಾಗ ಸಂಖ್ಯೆಯೂ ಬಂತು. ಅಷ್ಟರಲ್ಲಿ ನಾಯಿ ಒಮ್ಮೆ ಮೈ ಕೊಡವಿತು, ಸ್ಟೀಲ್ ಮೇಜಿನ ಮೇಲೆ ಟಣ್ಣೆಂದು ಏನೋ ಬಿತ್ತು. ನೋಡಿದರೆ ಚಿಪ್. ಸೂಜಿಯು ಎತ್ತಿ ಹಿಡಿದ ಚರ್ಮದ ಒಂದು ಮಗ್ಗುಲಲ್ಲಿ ಹೊಕ್ಕು ಇನ್ನೊಂದು ಮಗ್ಗುಲಲ್ಲಿ ಹೊರಬಂದು, ಚಿಪ್ ಅನ್ನು ರಕ್ತದ ಹನಿಯ ಜೊತೆ ಕೂದಲಿನ ಮೇಲೆ ಅಂಟಿಸಿಬಿಟ್ಟಿತ್ತು.

ಮುಧೋಳ ನಾಯಿಯ ಮೈಯಲ್ಲಿ ಕೊಬ್ಬು ಹೆಸರಿಗಷ್ಟೇ ಇರುತ್ತದೆ, ಚರ್ಮವೂ ತೆಳು. ಲ್ಯಾಬ್ರಡಾರ್‌ನಂಥ ದಪ್ಪ ಮೈಯ ನಾಯಿಯಲ್ಲಿ ನಡೆದುಹೋಗುವ ಅವಸರ ಇಲ್ಲಿ ನಡೆಯುವುದಿಲ್ಲ. ಅಂದಿನಿಂದ ನಾನು ಚರ್ಮವನ್ನು ಡೇರೆಯಂತೆ ಎತ್ತಿ, ಸೂಜಿಯನ್ನು ಬೆನ್ನಿನ ಉದ್ದಕ್ಕೆ ಓರೆಯಾಗಿ ಪೂರ್ತಿ ಒಳಗೆ ಬಿಟ್ಟು, ಅದರ ತುದಿ ಚರ್ಮದ ಕೆಳಗೆಯೇ ಇದೆಯೆಂಬುದನ್ನು ಇನ್ನೊಂದು ಕೈಯ ಬೆರಳಿನಿಂದ ಮುಟ್ಟಿ ನೋಡಿದ ಮೇಲಷ್ಟೇ ಒತ್ತುತ್ತೇನೆ; ಸೂಜಿ ತೆಗೆದ ನಂತರ ಆ ಜಾಗವನ್ನು ಒಂದು ನಿಮಿಷ ಅದುಮಿ ಹಿಡಿಯುತ್ತೇನೆ. ನಾಯಿಯನ್ನು ನೆಲಕ್ಕೆ ಇಳಿಸಿ, ಅದು ಮನಸಾರೆ ಮೈ ಕೊಡವಿದ ಮೇಲೆ ಮತ್ತೊಮ್ಮೆ ರೀಡರ್ ಹಿಡಿಯುತ್ತೇನೆ. ಬಹಳ ಚಿಕ್ಕ ತಳಿಗಳಿಗೆ ಈಗ 8 ಮಿಲಿಮೀಟರ್ ಉದ್ದದ ಸಣ್ಣ ಚಿಪ್ ತರಿಸುತ್ತೇನೆ, ಅದರ ಸೂಜಿಯೂ ಸಣ್ಣದು.

ಸಾಮಾನ್ಯ ಚಿಪ್ 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪದ ಗಾಜಿನ ಕೊಳವೆ. ಅದರಲ್ಲಿ ಬ್ಯಾಟರಿ ಇಲ್ಲ. ರೀಡರ್ ಹೊರಸೂಸುವ 134.2 ಕಿಲೋಹರ್ಟ್ಸ್ ತರಂಗದಿಂದಲೇ ಒಳಗಿನ ತಂತಿಸುರುಳಿಗೆ ಶಕ್ತಿ ದೊರೆತು, ಅದು ತನ್ನ 15 ಅಂಕಿಗಳನ್ನು ಹೇಳಿ ಸುಮ್ಮನಾಗುತ್ತದೆ. ಇದನ್ನು ಹಳ್ಳಿಯಿಂದ ಬರುವವರಿಗೆ ವಿವರಿಸುವುದು ಸುಲಭ: ಹಸುವಿನ ಕಿವಿಗೆ ಹಾಕುವ 12 ಅಂಕಿಗಳ ಹಳದಿ ಬಿಲ್ಲೆ ಇದ್ದಂತೆ, ಆದರೆ ಚರ್ಮದ ಒಳಗೆ ಎಂದರೆ ಮುಗಿಯಿತು. ಪೇಟೆಯವರು ಮಾತ್ರ ಮೊಬೈಲ್ ತೆಗೆದು, ನಾಯಿ ಎಲ್ಲಿದೆಯೆಂದು ಇದರಲ್ಲಿ ಕಾಣುತ್ತದೆಯೇ ಎಂದು ಕೇಳುತ್ತಾರೆ. ಕಾಣುವುದಿಲ್ಲ ಎಂದಾಗ ಅವರ ಮುಖ ಬಾಡುವುದನ್ನು ನೋಡಿ ನನಗೆ ಅಭ್ಯಾಸವಾಗಿದೆ.

ಓದುವುದಕ್ಕೂ ಕೈ ಪಳಗಬೇಕು. ಸ್ಟೀಲ್ ಮೇಜು ರೀಡರಿಗೆ ಅಡ್ಡಿ ಮಾಡುತ್ತದೆ, ಬ್ಯಾಟರಿ ಇಳಿದಿದ್ದರೆ ಹತ್ತಿರ ಹಿಡಿದರೂ ಅದು ಮೌನ. ಚಿಪ್ ಒಳಗೆ ಯಾವ ದಿಕ್ಕಿಗೆ ಮಲಗಿದೆಯೋ ತಿಳಿಯದ್ದರಿಂದ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ, ಮೈಗೆ ತಾಗುವಷ್ಟು ಹತ್ತಿರದಲ್ಲಿ ನಿಧಾನವಾಗಿ ಸರಿಸಬೇಕು. ಹೊಸ ಚಿಪ್ ಹಾಕುವ ಮೊದಲು ನಾಯಿಯಲ್ಲಿ ಹಳೆಯದು ಇದೆಯೇ ಎಂದು ನೋಡುತ್ತೇನೆ, ಪೊಟ್ಟಣದೊಳಗಿನ ಚಿಪ್ ಅನ್ನೂ ಓದಿ ಅದರ ಸಂಖ್ಯೆ ಬಾರ್‌ಕೋಡ್ ಚೀಟಿಗೆ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸುತ್ತೇನೆ.

ಇದೆಲ್ಲ ಕೈಚಳಕದ ಮಾತಾಯಿತು. ನನ್ನ ದೊಡ್ಡ ತಪ್ಪು ನಡೆದದ್ದು ಕಾಗದದಲ್ಲಿ. ಜರ್ಮನಿಗೆ ಹೊರಟಿದ್ದ ದಂಪತಿಗಳು ತಮ್ಮ ನಾಡುನಾಯಿಯನ್ನು ಕರೆತಂದಾಗ ನನ್ನಲ್ಲಿ ಚಿಪ್ ದಾಸ್ತಾನು ಮುಗಿದಿತ್ತು. ಬಂದವರನ್ನು ಬರಿಗೈಯಲ್ಲಿ ಕಳಿಸುವುದೇಕೆ ಎಂದು ಅಂದು ರೇಬಿಸ್ ಲಸಿಕೆ ಕೊಟ್ಟೆ, ಮೂರು ದಿನಗಳ ಮೇಲೆ ಚಿಪ್ ಹಾಕಿದೆ. ಐರೋಪ್ಯ ಒಕ್ಕೂಟದ ನಿಯಮದಂತೆ ಚಿಪ್‌ಗಿಂತ ಮೊದಲು ಕೊಟ್ಟ ರೇಬಿಸ್ ಲಸಿಕೆ ಲೆಕ್ಕಕ್ಕಿಲ್ಲ, ಏಕೆಂದರೆ ಲಸಿಕೆ ಪಡೆದದ್ದು ಇದೇ ನಾಯಿ ಎಂಬುದಕ್ಕೆ ಆಗ ಗುರುತೇ ಇರಲಿಲ್ಲ. ಒಂದು ತಿಂಗಳ ಬಳಿಕ ರೇಬಿಸ್ ಪ್ರತಿಕಾಯದ ಪರೀಕ್ಷೆಗೆ ರಕ್ತದ ಮಾದರಿ ಕಳಿಸಲು ಅರ್ಜಿ ತುಂಬುವಾಗ ಎರಡು ದಿನಾಂಕಗಳು ಅಕ್ಕಪಕ್ಕ ಬಂದು ಕುಳಿತವು. ಮತ್ತೆ ಲಸಿಕೆ, ಮತ್ತೆ 30 ದಿನಗಳ ಕಾಯುವಿಕೆ, ಒಪ್ಪಿಗೆ ಪಡೆದ ಪ್ರಯೋಗಾಲಯದಲ್ಲಿ ಮಿಲಿಲೀಟರಿಗೆ ಕನಿಷ್ಠ 0.5 ಐಯು (ಅಂತರರಾಷ್ಟ್ರೀಯ ಮಾನ) ಪ್ರತಿಕಾಯ ಇದೆಯೆಂಬ ಫಲಿತಾಂಶ, ರಕ್ತ ತೆಗೆದ ದಿನದಿಂದ ಪ್ರಯಾಣಕ್ಕೆ ಮೂರು ತಿಂಗಳ ಕಾಯುವಿಕೆ. ದಂಪತಿಗಳು ಟಿಕೆಟ್ ಪ್ರಕಾರ ಹೊರಟುಹೋದರು. ನಾಯಿ ಮಾಳಮಡ್ಡಿಯ ಅಜ್ಜಿಯ ಮನೆಯಲ್ಲಿ ರೊಟ್ಟಿ ತಿನ್ನುತ್ತಾ ಉಳಿಯಿತು. ಎರಡನೆಯ ಲಸಿಕೆಗೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ, ಆದರೆ ಅದರಿಂದ ಅವರ ತಿಂಗಳುಗಳು ಮರಳಲಿಲ್ಲ.

ಇನ್ನು ಕಳೆದುಹೋದ ನಾಯಿಗಳ ವಿಷಯ. ಬ್ರಿಟನ್ನಿನಲ್ಲಿ 2016ರ ಏಪ್ರಿಲ್ 6ರಿಂದ ನಾಯಿಗಳಿಗೆ ಚಿಪ್ ಕಡ್ಡಾಯ, ಮಾಲೀಕರ ವಿಳಾಸ ದತ್ತಕೋಶದಲ್ಲಿ ಇರುವುದೂ ಕಡ್ಡಾಯ. ನಮ್ಮಲ್ಲಿ ಚಿಪ್ ಸುಲಭವಾಗಿ ಸಿಗುತ್ತದೆ, ಆದರೆ ಎಲ್ಲ ಚಿಕಿತ್ಸಾಲಯಗಳೂ ನೋಡಬಹುದಾದ ಒಂದೇ ಖಾತೆ ಇಲ್ಲ. ಒಮ್ಮೆ ಆಟೋ ಚಾಲಕರೊಬ್ಬರು ಮಳೆಯಲ್ಲಿ ತೊಯ್ದ ಲ್ಯಾಬ್ರಡಾರ್ ಒಂದನ್ನು ತಂದು ಬಿಟ್ಟರು. ಹೆಗಲಿನಲ್ಲಿ ರೀಡರ್ ಸದ್ದು ಮಾಡಲಿಲ್ಲ; ಕುತ್ತಿಗೆಯ ಎಡಬದಿ ನೋಡಿ, ಎದೆ ನೋಡಿ, ಕೊನೆಗೆ ಬಲ ಮುಂಗಾಲಿನ ಮೊಣಕೈ ಹತ್ತಿರ ಅದು ಕೂಗಿತು. ಚಿಪ್ ಅಷ್ಟು ದೂರ ಜಾರಿತ್ತು. ಸಂಖ್ಯೆಯ ಮೊದಲ ಮೂರು ಅಂಕಿಗಳು 900ರ ಮೇಲಿದ್ದವು, ಅಂದರೆ ಅದು ದೇಶದ ಸಂಕೇತವಲ್ಲ, ತಯಾರಕರದು. ತಯಾರಕರಿಂದ ವಿತರಕರಿಗೆ, ವಿತರಕರಿಂದ ಆ ಪೆಟ್ಟಿಗೆ ಕೊಂಡಿದ್ದ ಬೇರೊಂದು ಊರಿನ ಚಿಕಿತ್ಸಾಲಯಕ್ಕೆ ಫೋನ್ ಮಾಡುತ್ತಾ ನಾಲ್ಕು ದಿನ ಕಳೆದವು. ಅಲ್ಲಿ ಸಿಕ್ಕ ಮಾಲೀಕರ ನಂಬರ್ ಚಾಲ್ತಿಯಲ್ಲಿರಲಿಲ್ಲ. ಚೀಟಿಯ ಹಿಂದೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದ ಭಾವಮೈದುನನ ನಂಬರಿನಿಂದ ನಾಯಿ ಮನೆ ಸೇರಿತು.

ನಾನು ಈಗ ಉದ್ದನೆಯ ರಟ್ಟಿನ ರಿಜಿಸ್ಟರ್ ಇಟ್ಟಿದ್ದೇನೆ. ಪೊಟ್ಟಣದ ಜೊತೆ ಬರುವ ಬಾರ್‌ಕೋಡ್ ಚೀಟಿಗಳಲ್ಲಿ ಒಂದು ಲಸಿಕೆ ಪುಸ್ತಕಕ್ಕೆ, ಒಂದು ನನ್ನ ರಿಜಿಸ್ಟರಿಗೆ. ಅದರ ಎದುರಿಗೆ ಚಿಪ್ ಹಾಕಿದ ದಿನಾಂಕ, ಆಮೇಲೆ ಲಸಿಕೆಯ ದಿನಾಂಕ, ಮಾಲೀಕರ ನಂಬರ್ ಮತ್ತು ಬೇರೆ ಮನೆಯಲ್ಲಿರುವ ನೆಂಟರೊಬ್ಬರ ನಂಬರ್. ಪ್ರತಿ ವರ್ಷ ಲಸಿಕೆಗೆ ಬಂದಾಗ ರೀಡರ್ ಹಿಡಿದು, ಚಿಪ್ ಎಲ್ಲಿ ಸಿಕ್ಕಿತೆಂದು ಬರೆದು, ನಂಬರ್ ಅದೇ ಇದೆಯೇ ಎಂದು ಕೇಳುತ್ತೇನೆ. ಆ ಮೊದಲ ಮುಧೋಳ ನಾಯಿಯ ಸಾಲಿನಲ್ಲಿ ಎರಡು ಚೀಟಿಗಳಿವೆ, ಮೊದಲನೆಯದರ ಮೇಲೆ ಕೆಂಪು ಗೆರೆ. ಎರಡನೆಯ ಚಿಪ್ ಈ ವರ್ಷವೂ ಹೆಗಲ ನಡುವೆಯೇ ಸಿಕ್ಕಿತು, ಮಾಲೀಕರ ನಂಬರ್ ಮಾತ್ರ ಮೂರನೆಯ ಸಲ ಬದಲಾಗಿದೆ.