ಸ್ಪ್ಯಾನರ್ ಜಾರುವ ವೀಲ್ ನಟ್ ಬಿಚ್ಚುವುದು ಹೇಗೆ?

ಕಾರಿನ ಚಕ್ರದ ನಾಲ್ಕು ನಟ್‌ಗಳಲ್ಲಿ ಮೂರು ಸಲೀಸಾಗಿ ಸಡಿಲವಾಗಿವೆ. ನಾಲ್ಕನೆಯದರ ಮೇಲೆ ಸ್ಪ್ಯಾನರ್ ಇಟ್ಟು ಒತ್ತಿದರೆ 'ಟಕ್' ಎಂದು ಜಾರುತ್ತದೆ. ಕೈ ಅಲ್ಲಿಗೇ ನಿಲ್ಲಿಸಿ. ಒಮ್ಮೆ ಜಾರಿದಾಗ ಮೂಲೆ ತುಸು ಸವೆದಿರುತ್ತದೆ, ಅಷ್ಟೇ. ಸಿಟ್ಟು ಬಂದು ಮತ್ತೆ ಮತ್ತೆ ಒತ್ತಿದರೆ ಆರು ಮೂಲೆಯ ನಟ್ ಪೂರ್ತಿ ಗುಂಡಗಾಗುತ್ತದೆ. ತುಸು ಸವೆದದ್ದನ್ನು ಮನೆಯ ಅಂಗಳದಲ್ಲೇ ಬಿಚ್ಚಬಹುದು. ಗುಂಡಗಾದದ್ದಕ್ಕೆ ವೆಲ್ಡಿಂಗ್ ಶೆಡ್ ಹುಡುಕಿಕೊಂಡು ಮಂಗಳೂರಿನ ಕೈಗಾರಿಕಾ ಪ್ರದೇಶ ಬೈಕಂಪಾಡಿಯವರೆಗೂ ಹೋಗಬೇಕಾದೀತು.

ಸುತ್ತಿಗೆ ಹಿಡಿಯುವ ಮೊದಲು ಒಂದು ವಿಷಯ ತೀರ್ಮಾನವಾಗಲಿ: ಏನು ಹಾಳಾದರೂ ಪರವಾಗಿಲ್ಲ, ಏನು ಹಾಳಾಗಕೂಡದು? ನಟ್ ಹೋದರೆ ಹೋಗಲಿ. ಅದು ಕೂತಿರುವ ಸ್ಟಡ್ (ಹಬ್‌ನಿಂದ ಹೊರಚಾಚಿದ ಸುರುಳಿ ಗೆರೆಯ ಸರಳು) ತುಂಡಾದರೂ ಸಹಿಸಬಹುದು. ಎರಡೂ ಅಗ್ಗದ ಸಾಮಾನು, ಎಲ್ಲ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸಿಗುವಂಥದ್ದು. ರಿಮ್, ಬ್ರೇಕ್ ಡಿಸ್ಕ್, ಚಕ್ರ ಕೂರುವ ಹಬ್, ಬೇರಿಂಗ್ ಮಾತ್ರ ಮುಟ್ಟಬಾರದ ಸೊತ್ತು. ಐವತ್ತು ರೂಪಾಯಿಯ ನಟ್ ಉಳಿಸಲು ಹೋಗಿ ಅಲಾಯ್ ವೀಲ್ ಒಡೆದುಕೊಂಡವರು ನಮ್ಮಲ್ಲಿ ಕಡಿಮೆಯೇನಿಲ್ಲ. ಮುಂದೆ ಹೇಳುವ ದಾರಿಗಳೆಲ್ಲ ಇದೇ ಲೆಕ್ಕದಲ್ಲಿವೆ: ಮೊದಲು ಏನೂ ಕೆಡದ ದಾರಿ, ಆಮೇಲೆ ನಟ್ ಕೆಡುವ ದಾರಿ, ಕೊನೆಗೆ ಸ್ಟಡ್ ಕೂಡ ಹೋಗುವ ದಾರಿ.

ಉಪ್ಪುಗಾಳಿ ಮತ್ತು ಏರ್ ಗನ್

ಕರಾವಳಿಯಲ್ಲಿ ನಟ್ ಕೆಡಲು ಹವೆಯೊಂದೇ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಕ್ರ ಒಣಗುವುದೇ ಇಲ್ಲ. ಮಲ್ಪೆ, ಪಣಂಬೂರು, ಸುರತ್ಕಲ್‌ನಂಥ ಕಡಲಬದಿಯಲ್ಲಿ ನಿಲ್ಲುವ ಕಾರುಗಳಿಗೆ ಉಳಿದ ತಿಂಗಳಲ್ಲೂ ಉಪ್ಪಿನ ಗಾಳಿ ತಪ್ಪಿದ್ದಲ್ಲ. ಹೊಳೆಯುವ ನಟ್‌ಗಳಲ್ಲಿ ಹಲವು ಒಂದೇ ತುಂಡಿನವಲ್ಲ. ಒಳಗೆ ಉಕ್ಕಿನ ನಟ್, ಅದರ ಮೇಲೆ ತೆಳು ತಗಡಿನ ಟೊಪ್ಪಿ. ಎರಡರ ನಡುವೆ ನೀರು ಸೇರಿ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಉಕ್ಕಿಗಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಟೊಪ್ಪಿ ಉಬ್ಬುತ್ತದೆ. ಆಗ 19 ಮಿ.ಮೀ. ಸ್ಪ್ಯಾನರ್ ಒಳಗೆ ಹೋಗುವುದಿಲ್ಲ, 20ರದ್ದು ಸಡಿಲ. ಹೆದ್ದಾರಿ ಬದಿಯಲ್ಲಿ, ಮಳೆಯಲ್ಲಿ, ಕತ್ತಲಲ್ಲಿ ಸಡಿಲದ್ದನ್ನೇ ಹಾಕಿ ತಿರುಗಿಸುತ್ತೇವೆ. ಮೂಲೆ ಹೋಗುವುದು ಅಲ್ಲಿ.

ಹವೆಯ ಮೇಲೆಯೇ ಎಲ್ಲ ಹೊರಿಸಿದರೆ ತಪ್ಪಾದೀತು. ಟೈರ್ ಅಂಗಡಿಯಲ್ಲಿ ಗಾಳಿಯ ಒತ್ತಡದಿಂದ ನಟ್ ಬಿಗಿಯುವ ಏರ್ ಗನ್ನಿನ ಪಾಲೂ ದೊಡ್ಡದಿದೆ. ಸಾಮಾನ್ಯ ಕಾರುಗಳ ವೀಲ್ ನಟ್‌ಗೆ ಕಂಪನಿಗಳು ಹೇಳುವ ಬಿಗಿ ಸುಮಾರು 85ರಿಂದ 120 ನ್ಯೂಟನ್ ಮೀಟರ್ (ತಿರುಚುವ ಬಲದ ಅಳತೆ). ಗನ್ ಅದರ ಎರಡು ಮೂರು ಪಟ್ಟು ಬಿಗಿಯಬಲ್ಲದು. ನಟ್ಟನ್ನು ಕೈಯಲ್ಲಿ ಒಂದೆರಡು ಸುತ್ತು ಹಾಕದೆ ನೇರ ಗನ್ನಿಗೇ ಕೊಟ್ಟರೆ ಥ್ರೆಡ್ (ಸುರುಳಿ ಗೆರೆ) ಅಡ್ಡ ಹತ್ತುವುದೂ ಉಂಟು. ಅಂಥ ನಟ್ಟನ್ನು ಡಿಕ್ಕಿಯಲ್ಲಿ ಬರುವ ಗೇಣುದ್ದದ ಎಲ್ ಸ್ಪ್ಯಾನರ್‌ನಿಂದ ಬಿಚ್ಚುತ್ತೇನೆಂದರೆ ಆಗುವ ಮಾತಲ್ಲ.

ಕಾರು ನೆಲದ ಮೇಲೆಯೇ ಇರಲಿ

ಸಮತಟ್ಟಾದ, ಗಟ್ಟಿ ನೆಲದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು ಗೇರ್‌ನಲ್ಲಿಡಿ. ಎದುರು ಮೂಲೆಯ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಅಥವಾ ಮರದ ತುಂಡು ಕೊಡಿ. ಕೆಂಪುಕಲ್ಲು ಅಂಗಳದಲ್ಲೇ ಸಿಗುತ್ತದೆ ನಿಜ, ಆದರೆ ನೆನೆದದ್ದು ಪುಡಿಯಾಗುತ್ತದೆ; ಮರವೇ ಒಳ್ಳೆಯದು. ಜ್ಯಾಕ್ ಈಗ ಬೇಡ. ಹಟ ಹಿಡಿದ ನಟ್ ಸಡಿಲವಾಗುವವರೆಗೆ ಚಕ್ರ ನೆಲ ಕಚ್ಚಿಕೊಂಡೇ ಇರಬೇಕು. ಜ್ಯಾಕ್ ಮೇಲೆ ನಿಂತ ಕಾರಿಗೆ ಉದ್ದ ರಾಡ್ ಹಾಕಿ ಜಗ್ಗುವುದು ಜೀವದ ಜೊತೆ ಆಟ.

ಹೆಚ್ಚಿನವರಿಗೆ ಹೊಳೆಯದ ಸಂಗತಿಯೊಂದಿದೆ. ಉಳಿದ ಮೂರು ನಟ್ ಬಿಚ್ಚಿಟ್ಟಿದ್ದರೆ ಅವನ್ನು ವಾಪಸ್ ಹಾಕಿ ಬಿಗಿ ಮಾಡಿ. ಮೂರೂ ಸಡಿಲವಿದ್ದಾಗ ಚಕ್ರದ ಪೂರ್ತಿ ಎಳೆತ ಈ ಒಂದೇ ನಟ್ ಮೇಲೆ ಬೀಳುತ್ತದೆ, ಅದು ಇನ್ನಷ್ಟು ಕಚ್ಚಿ ಕೂರುತ್ತದೆ. ಪಕ್ಕದವು ಬಿಗಿಯಾಗಿದ್ದರೆ ಭಾರ ಹಂಚಿಹೋಗುತ್ತದೆ. ಎಷ್ಟೋ ಸಲ ಇಷ್ಟು ಮಾಡಿದ್ದಕ್ಕೇ, ಸರಿಯಾದ ಸಾಕೆಟ್ (ನಟ್ ಮೇಲೆ ಬಟ್ಟಲಿನಂತೆ ಕೂರುವ ಸ್ಪ್ಯಾನರ್ ತಲೆ) ಇದ್ದರೆ, ನಟ್ ಬಂದುಬಿಡುತ್ತದೆ.

ಕಣ್ಣಿಗೆ ಕನ್ನಡಕ, ಕೈಗೆ ಗವಸು. ಉಕ್ಕಿನ ಮೇಲೆ ಉಕ್ಕು ಬಡಿಯುವಾಗ ಚೂರು ಹಾರುತ್ತದೆ.

ಎಣ್ಣೆ, ನಂತರ ಸರಿಯಾದ ಸಾಕೆಟ್

ವೈರ್ ಬ್ರಷ್‌ನಿಂದ ನಟ್ ಮತ್ತು ಸ್ಟಡ್ ತುದಿ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ. ಡಬ್ಲ್ಯೂಡಿ-40 ಮಾದರಿಯದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಡೀಸೆಲ್ ಆದೀತು. ತೆಂಗಿನೆಣ್ಣೆ ಎಲ್ಲದಕ್ಕೂ ಮದ್ದು ಎಂಬ ನಮ್ಮ ಕಡೆಯ ನಂಬಿಕೆಗೆ ಇಲ್ಲಿ ಮಾತ್ರ ಬೆಲೆಯಿಲ್ಲ. ನಟ್ ತುದಿ ತೆರೆದಿದ್ದರೆ ಸ್ಟಡ್ ಹೊರಬರುವ ಜಾಗಕ್ಕೆ ಹನಿಸಿ. ತುದಿ ಮುಚ್ಚಿದ ನಟ್ ಆದರೆ ಅದು ರಿಮ್‌ಗೆ ತಾಗುವ ಸಂದಿಯಿಂದ ಇಳಿಸಬೇಕು. ಅರ್ಧ ಗಂಟೆ ಬಿಡಿ, ಅವಸರವಿಲ್ಲದಿದ್ದರೆ ರಾತ್ರಿಯಿಡೀ. ಬ್ರೇಕ್ ಡಿಸ್ಕ್‌ಗೆ ಎಣ್ಣೆ ತಾಗದಂತೆ ಬಟ್ಟೆ ಅಡ್ಡ ಹಿಡಿಯಿರಿ.

ಈಗ ಅಳತೆ. ಮಾರುತಿ, ಹೋಂಡಾ ಕಾರುಗಳಲ್ಲಿ ಬಹುತೇಕ 19 ಮಿ.ಮೀ. ನಟ್; ಹುಂಡೈ, ಟೊಯೊಟಾದಲ್ಲಿ 21. ಫೋಕ್ಸ್‌ವ್ಯಾಗನ್, ಸ್ಕೋಡಾದಲ್ಲಿ ನಟ್ ಇಲ್ಲ, 17ರ ತಲೆಯ ಬೋಲ್ಟ್ ನೇರ ಹಬ್‌ಗೇ ಹೋಗುತ್ತದೆ. ಆರು ಮೂಲೆಯ ಸಾಕೆಟ್ಟೇ ಬೇಕು. ಹನ್ನೆರಡು ಮೂಲೆಯದ್ದು ನಟ್‌ನ ತುದಿಮೂಲೆಯನ್ನಷ್ಟೇ ಹಿಡಿಯುತ್ತದೆ, ಅಲ್ಲೇ ಸವೆಸುತ್ತದೆ. ಸುತ್ತಿಗೆಯಿಂದ ತಟ್ಟಿ ಸಾಕೆಟ್ಟನ್ನು ತಳದವರೆಗೆ ಕೂರಿಸಿ, ಅರ್ಧ ಇಂಚಿನ ಚೌಕ ತುದಿಯ ಉದ್ದನೆಯ ಬ್ರೇಕರ್ ಬಾರ್ (ಸಾಕೆಟ್ ತಿರುಗಿಸುವ ಗಟ್ಟಿ ರಾಡ್) ಹಾಕಿ.

ಬಾರ್ ಎಡಕ್ಕೆ ಮಲಗಿರಲಿ; ಆಗ ಮೇಲಿನಿಂದ ಕೆಳಕ್ಕೆ ಒತ್ತಿದರೆ ನಟ್ ಬಿಚ್ಚುವ ದಿಕ್ಕಿಗೇ ತಿರುಗುತ್ತದೆ. ಅರ್ಧ ಮೀಟರ್ ಉದ್ದದ ಬಾರ್ ಮೇಲೆ 60 ಕಿಲೋದವರು ಮೈಭಾರ ಬಿಟ್ಟರೆ ಸುಮಾರು 290 ನ್ಯೂಟನ್ ಮೀಟರ್ ಬಲ ಸಿಗುತ್ತದೆ. ಕಂಪನಿ ಬಿಗಿಯ ಎರಡು ಪಟ್ಟಿಗಿಂತ ಹೆಚ್ಚೇ ಆಯಿತು. ಹಾಗಾಗಿ ಭಾರವನ್ನು ನಿಧಾನವಾಗಿ ಬಿಡಿ. ಬಾರ್ ಮೇಲೆ ಹತ್ತಿ ಕುಪ್ಪಳಿಸುವುದನ್ನು ನಮ್ಮ ರಸ್ತೆಬದಿಯಲ್ಲಿ ಎಷ್ಟು ನೋಡಿಲ್ಲ! ಸಾಕೆಟ್ ಜಾರಿದರೆ ಮುರಿಯುವುದು ನಟ್ ಅಲ್ಲ, ಮೊಣಕಾಲು.

ಚಿಕ್ಕ ಸಾಕೆಟ್ ಬಡಿದು ಕೂರಿಸುವುದು

ಮೂಲೆ ಸವೆದ ನಟ್‌ಗೆ ನನಗೆ ಹೆಚ್ಚು ನಂಬಿಕೆ ಇರುವುದು ಈ ದಾರಿಯ ಮೇಲೆ. ಒಂದು ಸೈಜ್ ಚಿಕ್ಕದಾದ ಸಾಕೆಟ್ಟನ್ನು ನಟ್ ಮೇಲೆ ಬಡಿದು ಕೂರಿಸಬೇಕು. 21ರ ನಟ್‌ಗೆ ಹದಿಮೂರು ಬೈ ಹದಿನಾರು ಇಂಚಿನ ಸಾಕೆಟ್ ಹೇಳಿ ಮಾಡಿಸಿದಂತಿದೆ. ಅದರ ಅಳತೆ 20.64 ಮಿ.ಮೀ. ಹೆಚ್ಚು ಸವೆದಿದ್ದರೆ 20ರದ್ದು. 19ರ ನಟ್‌ಗೆ 18ರದ್ದು. ಮುಕ್ಕಾಲು ಇಂಚಿನದ್ದು ಆಗುವುದಿಲ್ಲ, ಅದು 19.05, ಅಂದರೆ ಹೆಚ್ಚುಕಡಿಮೆ 19ರದ್ದೇ.

ಆಗಲೇ ಬೇಡವೆಂದ ಹನ್ನೆರಡು ಮೂಲೆಯ ಸಾಕೆಟ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಗುಂಡಗಾದ ನಟ್‌ನೊಳಗೆ ಅದರ ಹಲ್ಲುಗಳು ಹೆಚ್ಚು ಕಡೆ ಕಚ್ಚುತ್ತವೆ. ಹೊಸದು, ದುಬಾರಿಯದ್ದು ಬೇಡ. ಬಂದರ್ ಕಡೆಯ ಹಳೆ ಸಾಮಾನಿನ ಅಂಗಡಿಯಲ್ಲಿ ಬಿಡಿ ಸಾಕೆಟ್ ಸಿಕ್ಕರೆ ಅದೇ ಸಾಕು. ಒಂದು ಕಿಲೋದ ಸುತ್ತಿಗೆಯಿಂದ ನೇರವಾಗಿ ಬಡಿಯಿರಿ, ಓರೆಯಾದರೆ ರಿಮ್‌ಗೆ ಗಾಯ. ಪೂರ್ತಿ ಇಳಿದಾಗ ಬಡಿತದ ಸದ್ದು ಬದಲಾಗುತ್ತದೆ. ಆಮೇಲೆ ಬ್ರೇಕರ್ ಬಾರ್ ಹಾಕಿ ಒಂದೇ ಸಮನೆ ಒತ್ತಿ. ಬಂದ ನಟ್ ಸಾಕೆಟ್ಟಿನೊಳಗೆ ಸಿಕ್ಕಿಕೊಂಡಿರುತ್ತದೆ. ಹಿಂಬದಿಯ ಚೌಕ ತೂತಿನಿಂದ ರಾಡ್ ಹಾಕಿ ಹೊಡೆದರೆ ಬೀಳುತ್ತದೆ.

ಉಬ್ಬಿದ ಟೊಪ್ಪಿಯ ನಟ್ ಆಗಿದ್ದರೆ ಇಷ್ಟೂ ಬೇಡ. ಟೊಪ್ಪಿಯನ್ನು ಚಿಸೆಲ್‌ನಿಂದ ಸಿಗಿದು ತೆಗೆಯಿರಿ. ಒಳಗಿನ ನಟ್ ಚಿಕ್ಕದು, ಅದರ ಮೂಲೆ ಹೆಚ್ಚಾಗಿ ಗಟ್ಟಿಯಾಗಿಯೇ ಇರುತ್ತದೆ. ಅಳತೆಗೆ ಸರಿಹೊಂದುವ ಸಾಕೆಟ್ ಇಟ್ಟರೆ ಮರ್ಯಾದೆಯಿಂದ ಬರುತ್ತದೆ.

ಎಕ್ಸ್‌ಟ್ರಾಕ್ಟರ್ ಸಾಕೆಟ್

ಒಳಗೆ ಸುರುಳಿ ಹಲ್ಲಿರುವ ಈ ಸಾಕೆಟ್, ಬಿಚ್ಚುವ ದಿಕ್ಕಿಗೆ ತಿರುಗಿಸಿದಷ್ಟೂ ನಟ್ಟನ್ನು ಇನ್ನಷ್ಟು ಗಟ್ಟಿಯಾಗಿ ಕಚ್ಚುತ್ತದೆ. ಸೆಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಒಂದು ನಟ್‌ಗೋಸ್ಕರ ಕೊಳ್ಳುವುದು ಹೆಚ್ಚಾಯಿತು ಅನ್ನಿಸಿದರೆ ಪರಿಚಯದ ಗ್ಯಾರೇಜ್‌ನಲ್ಲಿ ಕೇಳಿ, ಕೀ ಕಳೆದುಹೋದ ಲಾಕ್ ನಟ್ (ಚಕ್ರ ಕಳುವಾಗದಂತೆ ಹಾಕುವ ನಟ್) ಬಿಚ್ಚಲು ಅವರು ಇಟ್ಟುಕೊಂಡಿರುತ್ತಾರೆ. ಬಡಿದು ಕೂರಿಸುವ ಕ್ರಮ ಮೇಲಿನದ್ದೇ.

ತಿರುಗುತ್ತದೆ, ಆದರೆ ಹೊರಗೆ ಬರುವುದಿಲ್ಲ

ಇದು ಬೇರೆ ಕಾಯಿಲೆ. ಮೂಲೆ ಸರಿಯಿದೆ, ನಟ್ ಸುತ್ತುತ್ತದೆ, ಆದರೆ ಇದ್ದಲ್ಲೇ ಇರುತ್ತದೆ. ಸ್ಟಡ್ ತುದಿ ಕಾಣುವ ನಟ್ ಆದರೆ ಆ ತುದಿಗೆ ಚಾಕ್‌ಪೀಸ್‌ನಿಂದ ಗೆರೆ ಎಳೆದು ನೋಡಿ. ಗೆರೆ ನಿಂತಲ್ಲೇ ಇದ್ದರೆ ಥ್ರೆಡ್ ಹೋಗಿದೆ. ಗೆರೆಯೂ ಸುತ್ತಿದರೆ ಹಬ್‌ನೊಳಗೆ ಸ್ಟಡ್ಡಿನ ಹಿಡಿತವೇ ಹೋಗಿದೆ.

ಥ್ರೆಡ್ ಹೋದದ್ದಕ್ಕೆ ಒಂದು ಉಪಾಯ ನೋಡಬಹುದು. ಉಳಿದ ನಟ್ ಸಡಿಲಿಸಿ, ಕಾರು ಎತ್ತಿ, ಜ್ಯಾಕ್ ಸ್ಟ್ಯಾಂಡ್ ಕೊಟ್ಟು, ಒಬ್ಬರು ಚಕ್ರವನ್ನು ಹೊರಕ್ಕೆ ಎಳೆದು ಹಿಡಿಯಲಿ. ಅಳಿದುಳಿದ ಥ್ರೆಡ್ ಮೇಲೆ ಒತ್ತಡ ಬಿದ್ದಾಗ ಇನ್ನೊಬ್ಬರು ನಿಧಾನ ತಿರುಗಿಸಿದರೆ ಕೆಲವೊಮ್ಮೆ ನಟ್ ಮೆಲ್ಲ ಹೊರಬರುತ್ತದೆ. ಸ್ಟಡ್ಡೇ ಸುತ್ತುವುದಾದರೆ ಈ ಉಪಾಯವೂ ನಡೆಯದು, ನಟ್ ಒಡೆಯುವುದೇ ದಾರಿ.

ಒಡೆಯುವ ಕೆಲಸ

ಸ್ಟೀಲ್ ರಿಮ್‌ನಲ್ಲಿ ನಟ್ ಹೊರಗೆ ಕಾಣುತ್ತದೆ. ಅದರ ಬದಿಗೆ 4 ಮಿ.ಮೀ. ಡ್ರಿಲ್ ಬಿಟ್‌ನಿಂದ, ಸ್ಟಡ್‌ಗೆ ಸಮಾಂತರವಾಗಿ ತೂತು ಕೊರೆದು, 6ರದ್ದರಿಂದ ಹಿಗ್ಗಿಸಿ, ಅಲ್ಲಿಗೆ ಚಿಸೆಲ್ ಇಟ್ಟು ಹೊಡೆದರೆ ನಟ್ ಸೀಳುತ್ತದೆ. ಕೊರೆಯುವಾಗ ಹನಿ ಹನಿ ಎಣ್ಣೆ ಬಿಡುತ್ತಿರಿ. ಅಲಾಯ್ ವೀಲ್‌ನಲ್ಲಿ ನಟ್ ಆಳದ ಗುಂಡಿಯಲ್ಲಿ ಕೂತಿರುತ್ತದೆ, ಚಿಸೆಲ್‌ಗೆ ಜಾಗವಿಲ್ಲ. ಅಲ್ಲಿ ಮನೆಯಲ್ಲಿ ಸಾಹಸ ಬೇಡ.

ವೆಲ್ಡಿಂಗ್ ಮಾಡುವವರು ಗುಂಡಗಾದ ನಟ್ ಮೇಲೆ ದೊಡ್ಡ ನಟ್ ಇಟ್ಟು ಬೆಸೆದು, ಅದಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸುತ್ತಾರೆ. ಬಿಸಿಗೆ ತುಕ್ಕಿನ ಹಿಡಿತವೂ ಸಡಿಲವಾಗುವುದರಿಂದ ಇದು ಬಹಳ ಮಟ್ಟಿಗೆ ಯಶಸ್ವಿ. ಆದರೆ ಎದುರು ನಿಂತು ಕೆಲವು ವಿಷಯ ನೋಡಿಕೊಳ್ಳಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿರಬೇಕು. ಅರ್ತ್ ಕ್ಲಾಂಪ್ ಅದೇ ಚಕ್ರದ ಪಕ್ಕದ ಸ್ಟಡ್‌ಗೇ ಹಾಕಬೇಕು. ಬಾಡಿಗೆ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹಾದು ಅದನ್ನು ಕೆಡಿಸುತ್ತದೆ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಆ ಟೈರಿನ ಗಾಳಿ ಪೂರ್ತಿ ಬಿಡಬೇಕು. ಎಣ್ಣೆ ಒರೆಸಿ, ಕ್ರೋಮ್ ಲೇಪ ಉಜ್ಜಿ ತೆಗೆದಿರಬೇಕು, ಅದರ ಹೊಗೆ ಒಳ್ಳೆಯದಲ್ಲ. ಗ್ಯಾಸ್ ಕಟ್ಟರ್ ತರುತ್ತೇನೆ ಅಂದರೆ "ಬೇಡ ಮಾರಾಯ್ರೆ" ಅನ್ನಿ. ಗಾಳಿ ತುಂಬಿದ ಟೈರಿನ ಹತ್ತಿರ ಆ ಬೆಂಕಿ ಸಿಡಿಮದ್ದಿಗೆ ಸಮ, ಅಲಾಯ್ ಅಂತೂ ಉಳಿಯುವುದಿಲ್ಲ.

ನಟ್ ಬಂದ ಮೇಲೆ

ಬೆಸೆದ, ಸೀಳಿದ, ಥ್ರೆಡ್ ಹೋದ ಸ್ಟಡ್ಡನ್ನು ಮತ್ತೆ ಬಳಸಬೇಡಿ. ಮುಂದಿನ ಚಕ್ರವಾದರೆ ಕ್ಯಾಲಿಪರ್ (ಡಿಸ್ಕ್ ಹಿಡಿದು ನಿಲ್ಲಿಸುವ ಬ್ರೇಕ್ ಭಾಗ), ಡಿಸ್ಕ್ ತೆಗೆದು ಹಳೆಯದನ್ನು ಹಿಂದಕ್ಕೆ ಹೊಡೆದು ಹೊರಹಾಕುತ್ತಾರೆ. ಕೆಲವು ಕಾರುಗಳಲ್ಲಿ ಹಬ್ ಬಿಚ್ಚದೆ ಜಾಗ ಸಿಗುವುದಿಲ್ಲ. ಹೊಸದನ್ನು ಹಿಂದಿನಿಂದ ತೂರಿಸಿ, ಮುಂದೆ ನಾಲ್ಕೈದು ವಾಷರ್ ಜೋಡಿಸಿ, ಥ್ರೆಡ್ ಸರಿಯಿರುವ ಹಳೆಯ ನಟ್ಟೊಂದನ್ನು ಬಿಗಿಯುತ್ತ ಹೋದರೆ ಅದರ ತಲೆ ಹಬ್‌ಗೆ ತಾಗುವವರೆಗೆ ಎಳೆದುಕೊಂಡು ಕೂರುತ್ತದೆ. ನಾಲ್ಕರಲ್ಲಿ ಮೂರೇ ನಟ್ ಹಾಕಿಕೊಂಡು ಶಿರಾಡಿ ಘಾಟಿ ಹತ್ತುವ ಯೋಚನೆ ಬೇಡ. ಹತ್ತಿರದ ಗ್ಯಾರೇಜ್‌ವರೆಗೆ ಮೆಲ್ಲಗೆ ಹೋದರೆ ಅದೇ ಹೆಚ್ಚು.

ಹೊಸ ನಟ್ ಒಂದೇ ತುಂಡಿನದ್ದು ಇರಲಿ. ಥ್ರೆಡ್ ಮಾತ್ರವಲ್ಲ, ಅದು ರಿಮ್‌ಗೆ ಕೂರುವ ಮುಖವೂ ಹೊಂದಬೇಕು: ಕೆಲವಕ್ಕೆ ಇಳಿಜಾರು ಮುಖ, ಕೆಲವಕ್ಕೆ ಗೋಲ ಮುಖ. ಹೊರಗಿನ ಅಲಾಯ್ ಹಾಕಿಸಿದವರು ಇದನ್ನು ಮರೆತರೆ ನಟ್ ಎಷ್ಟು ಬಿಗಿದರೂ ನಿಲ್ಲದು. ಥ್ರೆಡ್‌ಗೆ ಗ್ರೀಸ್ ಹಚ್ಚಬೇಡಿ. ಕಂಪನಿ ಹೇಳುವ ಬಿಗಿ ಸಾಮಾನ್ಯವಾಗಿ ಒಣ ಥ್ರೆಡ್‌ಗೆ, ಜಿಡ್ಡಿದ್ದರೆ ಅದೇ ಅಂಕಿಯಲ್ಲಿ ಸ್ಟಡ್ ಮೇಲೆ ಎಳೆತ ಹೆಚ್ಚಾಗುತ್ತದೆ.

ಟೈರ್ ಅಂಗಡಿಯಲ್ಲಿ ಸಂಕೋಚ ಬಿಟ್ಟು ಹೇಳಿ: "ಅಣ್ಣಾ, ಮೊದಲು ಕೈಯಲ್ಲಿ ಎರಡು ಸುತ್ತು ಹಾಕಿ, ಮತ್ತೆ ಗನ್ ಹಿಡೀರಿ. ಕಡೆಗೆ ಟಾರ್ಕ್ ರೆಂಚ್ ಉಂಟಲ್ಲ, ಅದ್ರಲ್ಲಿ ಬಿಗಿ ಮಾಡಿ." ಟಾರ್ಕ್ ರೆಂಚ್ ಅಂದರೆ ಎಷ್ಟು ಬಿಗಿಯಾಯಿತೆಂದು ಅಳೆಯುವ ಸ್ಪ್ಯಾನರ್. ಒಂದರ ನಂತರ ಅದರ ಎದುರಿನದ್ದು, ಹೀಗೆ ಅಡ್ಡಡ್ಡವಾಗಿ ಬಿಗಿಯಬೇಕು. ಹೊಸ ಸ್ಟಡ್ ಹಾಕಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ, ಚಕ್ರ ತಣ್ಣಗಾದಾಗ ಇನ್ನೊಮ್ಮೆ ಬಿಗಿ ನೋಡಬೇಕು. ಉಡುಪಿಯಲ್ಲಿ ಕೆಲಸ ಮಾಡಿಸಿ ಹೊರಟರೆ ಮಂಗಳೂರು ಮುಟ್ಟುವಾಗ ಆ ಹೊತ್ತು ಬಂದಿರುತ್ತದೆ.