ನಿಮ್ಮ ರೊಡ್ರಿಗಸ್ ಎಲ್ಲಿಂದ ಬಂತು ಅಂತ ಹುಡುಕುವುದು ಹೇಗೆ

ಕೊಡಗಿನ ವಿರಾಜಪೇಟೆ, ಮಡಿಕೇರಿ, ಸುಂಟಿಕೊಪ್ಪ ಕಡೆ ಕ್ರೈಸ್ತರ ರೊಡ್ರಿಗಸ್, ಫೆರ್ನಾಂಡಿಸ್, ಲೋಪಿಸ್ ಅನ್ನೋ ಅಡ್ಡಹೆಸರುಗಳು ನಮಗೆ ಹೊಸದಲ್ಲ. ಅರ್ಥ ಕೇಳಿದರೆ ಮಾತ್ರ "ಅದು ಪೋರ್ಚುಗೀಸ್" ಅಂದುಬಿಟ್ಟು ಮಾತು ಮುಗಿಸುತ್ತಾರೆ.

ಮೊದಲು ಹೆಸರಿನ ಬಾಲ ನೋಡಿ. ಕೊನೆಯ 'ಎಸ್' (es) ಅಂದರೆ ಇಂಥವನ ಮಗ. ರೊಡ್ರಿಗಸ್ ರೊಡ್ರಿಗೊನ ಮಗ, ಫೆರ್ನಾಂಡಿಸ್ ಫೆರ್ನಾಂಡೊನ ಮಗ, ನೂನಿಸ್ ನೂನೊನ ಮಗ. ವಾಜ್ ಸ್ವಲ್ಪ ತಂಟೆ, ಅದು ವಾಸ್ಕೊನ ಮಗ ಅನ್ನೋ ವಾಸ್ಕಿಸ್ ಸವೆದು ಉಳಿದ ರೂಪ. ಕಾರ್ಯಪ್ಪನವರ 'ಕೊಡಂದೇರ' ಥರ ಕೊಡವರ ಮನೆಪೆದಕ್ಕೂ (ಮನೆತನದ ಹೆಸರಿಗೂ) ಬಾಲ ಇದೆ ಅಲ್ವಾ, ಆದರೆ ಅದು ಒಕ್ಕದ, ಅಂದರೆ ಇಡೀ ಕುಲದ ಹೆಸರು, ತಲೆಮಾರು ಕಳೆದರೂ ಬದಲಾಗಲ್ಲ. ಪೋರ್ಚುಗಲ್‌ನಲ್ಲಿ ಮೊದಮೊದಲು ಹಾಗಿರಲಿಲ್ಲ. 12ನೇ ಶತಮಾನದ ಮೊದಲ ರಾಜ ಅಫೊನ್ಸೊ ಹೆನ್ರಿಕ್ಸ್, ಯಾಕಂದರೆ ಅಪ್ಪ ಹೆನ್ರಿಕ್. ಮುಂದಿನ ತಲೆಮಾರಿಗೆ ಆ ಬಾಲ ಹೋಗುತ್ತಿರಲಿಲ್ಲ. ಅದು ಮನೆತನದ ಹೆಸರಾಗಿ ನಿಂತದ್ದು ಆಮೇಲೆ.

ಎರಡನೆಯದು, ಅಪ್ಪನ ಹೆಸರಿನ ಬೇರು. ರೊಡ್ರಿಗೊ ಜರ್ಮಾನಿಕ್ ಮೂಲದ ಹೆಸರು, ಸ್ಪೇನ್-ಪೋರ್ಚುಗಲ್ ಆಳಿದ ವಿಸಿಗೋಥರು ಅನ್ನೋ ಜರ್ಮಾನಿಕ್ ಜನ ತಂದದ್ದು. ಒಂದು ಭಾಗಕ್ಕೆ ಕೀರ್ತಿ, ಇನ್ನೊಂದಕ್ಕೆ ಬಲ ಅಥವಾ ಅಧಿಕಾರ ಅಂತ ಅರ್ಥ. 711ರಲ್ಲಿ ಅರಬರ ಎದುರು ಸೋತ ವಿಸಿಗೋಥ್ ರಾಜನ ಹೆಸರೂ ಇದೇ. ಲೋಪಿಸ್‌ನ ಲೋಪೊ ಮಾತ್ರ ಲ್ಯಾಟಿನ್, ತೋಳ ಅಂತ.

ಡಿಸೋಜ, ಪಿರೇರಾ, ಸಿಲ್ವಾ ಹೆಸರಲ್ಲಿ ಅಪ್ಪನನ್ನು ಹುಡುಕಬೇಡಿ. ಅವು ಊರು, ಮರ, ಕಾಡಿನ ಹೆಸರುಗಳು. ಹಳೇ ಕಾಗದದಲ್ಲಿ ಕೊನೆಗೆ ಎಸ್ ಬದಲು ಝಡ್ ಕಂಡರೆ ಸ್ಪೇನಿನವರು ಅಂತ ತೀರ್ಮಾನಿಸಬೇಡಿ, ಪೋರ್ಚುಗೀಸರೂ ಹಿಂದೆ ಹಾಗೆ ಬರೆಯುತ್ತಿದ್ದರು.

ಜಾಸ್ತಿ ಜನ ಎಡವೋದು ಇಲ್ಲಿ: ಹೆಸರು ಪೋರ್ಚುಗೀಸ್ ಅಂದ ಮಾತ್ರಕ್ಕೆ ರಕ್ತವೂ ಪೋರ್ಚುಗೀಸ್ ಅಲ್ಲ. ಪೋರ್ಚುಗೀಸರ ಆಳ್ವಿಕೆಯ ಗೋವಾದಲ್ಲಿ ದೀಕ್ಷಾಸ್ನಾನ ಪಡೆದವರಿಗೆ ಪಾದ್ರಿಯ ಅಥವಾ ಜ್ಞಾನಪಿತನ (ದೀಕ್ಷಾಸ್ನಾನಕ್ಕೆ ಹೊಣೆ ನಿಂತವನ, ಗಾಡ್‌ಫಾದರ್) ಅಡ್ಡಹೆಸರು ಸಿಗುತ್ತಿತ್ತು. ಹಾಗಾಗಿ ರೊಡ್ರಿಗೊ ಅನ್ನೋ ಅಜ್ಜ ನಿಮ್ಮ ವಂಶದಲ್ಲಿ ಇದ್ದಿರಲೇಬೇಕು ಅಂತಿಲ್ಲ. ಮಂಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಪ್ರಭು, ಕಾಮತ್, ಪೈ ಅನ್ನೋ ಹಳೇ ಹೆಸರು ಇನ್ನೂ ನೆನಪಿದೆ, ಅದನ್ನು ಹಿರಿಯರ ಹತ್ತಿರ ಮೊದಲು ಕೇಳಿ.

ಆಮೇಲೆ ಚರ್ಚಿನ ದೀಕ್ಷಾಸ್ನಾನದ ದಾಖಲೆ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರದ್ದು, ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟ ಕಾಲದ್ದು. ಅಜ್ಜನ ಹೆಸರು, ಹುಟ್ಟಿದ ಅಂದಾಜು ವರ್ಷ ಬರೆದುಕೊಂಡು ಹೋಗಿ ಫಾದರ್ ಹತ್ತಿರ ಕೇಳಿ, ಭಾನುವಾರದ ಪೂಜೆಯ ಗಡಿಬಿಡಿಯಲ್ಲಿ ಮಾತ್ರ ಬೇಡ. ದಾಖಲೆಯಲ್ಲಿ ಅಪ್ಪ, ಅಮ್ಮನ ಜೊತೆ ಜ್ಞಾನಪಿತನ ಹೆಸರೂ ಇರುತ್ತದೆ, ಅದನ್ನೂ ಬರೆದುಕೊಳ್ಳಿ.